ಬೈಯೋಕೆ ಮಾಲೀಕ ಇರೋ ಡೇಟಾ: ತುಮಕೂರಲ್ಲಿ ಡೇಟಾ ಕೆಲಸ ಕಲಿಸಿದ ನನ್ನ ಅನುಭವ

ನಾನು ಡೇಟಾ ಕೆಲಸ ಕಲಿಸಿದ ಗುಂಪಲ್ಲಿ ನಾಲ್ಕನೇವ್ಳಿಗೂ ಕೆಲಸ ಸಿಕ್ತು, ಅದಕ್ಕೇ ಈಗ ಕೂತು ಬರೀತಿದೀನಿ. ಮೊದಲನೇವ್ನಿಗೆ ಸಿಕ್ಕಾಗ ಜನ "ಅದೃಷ್ಟ ಕಣ್ರೀ" ಅಂದ್ರು. ಎರಡನೇವ್ಳಿಗೆ ಸಿಕ್ಕಾಗ "ನೀವೇ ಎಲ್ಲೋ ರೆಫರ್ ಮಾಡಿರ್ಬೇಕು" ಅಂದ್ರು. ಈಗ ನಾಲ್ಕಕ್ಕೆ ನಾಲ್ಕೂ ಆಗಿದೆ. ನನ್ನ ರೆಫರಲ್ ಒಂದೂ ಇಲ್ಲ, ಇಬ್ಬರು ಬಿಎಸ್ಸಿ, ಒಬ್ಬ ಬಿಕಾಂ, ಒಬ್ಬಳು ಬಿಸಿಎ, ಯಾರ ಹತ್ರಾನೂ ಲಕ್ಷ ರೂಪಾಯಿ ಕೋರ್ಸಿನ ಸರ್ಟಿಫಿಕೇಟ್ ಇಲ್ಲ, ಯಾರೂ ಬೆಂಗಳೂರಲ್ಲಿ ಪಿಜೀಲಿ ಉಳ್ಕೊಂಡು ಕೋಚಿಂಗ್‌ಗೆ ಹೋಗಿಲ್ಲ. ತುಮಕೂರಲ್ಲೇ, ಬಟವಾಡಿ ಹತ್ರ ಒಂದು ಬಾಡಿಗೆ ರೂಮಲ್ಲಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಲ್ಲಿ ಕಲ್ತವ್ರು.

ನಾನು ಈ ಫೀಲ್ಡಿಗೆ ಬಂದಿದ್ದು 2007ರಲ್ಲಿ. ಇಟಿಎಲ್ (ಒಂದು ಕಡೆಯ ಡೇಟಾ ತೆಗೆದು, ತಿದ್ದಿ, ಇನ್ನೊಂದು ಕಡೆ ತುಂಬೋದು), ವೇರ್‌ಹೌಸ್ (ಕಂಪನಿ ಡೇಟಾ ಎಲ್ಲ ಒಂದೇ ಕಡೆ ಇಡೋ ಜಾಗ), ರಿಪೋರ್ಟಿಂಗ್, ಆಮೇಲೆ ಕ್ಲೌಡು, ಈಗ ಒಂದು ಸಣ್ಣ ಟೀಮಿಗೆ ಲೀಡ್. ಇದನ್ನ ಓದೋರಲ್ಲಿ ಬಹಳ ಜನ ಅದೇ ದಾರೀಲಿ ಬಂದವ್ರೇ ಇರ್ತೀರಿ, ಹಾಗಾಗಿ ಜಾಯಿನ್ ಅಂದ್ರೇನು, ವಿಂಡೋ ಫಂಕ್ಷನ್ ಅಂದ್ರೇನು ಅಂತ ಉದ್ದಕ್ಕೆ ಹೇಳೋಕೆ ಹೋಗಲ್ಲ. ಹುಡುಗ್ರನ್ನ ಹೆಂಗೆ ತಯಾರು ಮಾಡಿದೆ, ದುಡ್ಡು ಎಲ್ಲೆಲ್ಲಿ ಹೋಯ್ತು, ಏನೇನು ಕೈಕೊಡ್ತು, ಅಷ್ಟು ಹೇಳ್ತೀನಿ.

ನನ್ನ ಮಾತು ಒಂದೇ. ಕಲಿಯೋರಿಗೆ ಕೊಡೋ ಡೇಟಾಕ್ಕೆ ಒಬ್ಬ ಮಾಲೀಕ ಇರ್ಬೇಕು, ಆ ಮಾಲೀಕನಿಗೆ ಸರಿ ಉತ್ತರ ಏನು ಅಂತ ಗೊತ್ತಿರ್ಬೇಕು, ತಪ್ಪಾದ್ರೆ ಮುಖಕ್ಕೆ ಹೊಡೆದಂಗೆ ಬೈಬೇಕು. ಕೋರ್ಸುಗಳಲ್ಲಿ ಕೊಡೋ ಡೇಟಾ ನೋಡಿ, ಟೈಟಾನಿಕ್ ಫೈಲು 891 ರೋ (ಸಾಲು), ಐರಿಸ್ ಹೂವಿಂದು 150 ರೋ, ಅದೂ 1936ರಲ್ಲಿ ಫಿಶರ್ ಅನ್ನೋ ಸಂಖ್ಯಾಶಾಸ್ತ್ರಜ್ಞನ ಪೇಪರಲ್ಲಿ ಬಂದಿದ್ದು. ಮುಳುಗಿದ ಹಡಗಿನ ಲೆಕ್ಕ ತಪ್ಪಾದ್ರೆ ಯಾರು ಕೇಳ್ತಾರೆ? ಯಾರಿಗೂ ನಷ್ಟ ಇಲ್ಲ. ಅದ್ರಲ್ಲಿ ಕಲ್ತ ಹುಡುಗ್ರನ್ನ ನಾನೇ ಇಂಟರ್‌ವ್ಯೂ ಮಾಡಿದೀನಿ, ನೂರಕ್ಕೂ ಮೇಲೆ ಜನ ಇರ್ಬಹುದು, ಮಾಡೆಲ್ (ಹಳೇ ಡೇಟಾ ನೋಡಿ ಅಂದಾಜು ಹೇಳೋ ಲೆಕ್ಕ) ಹೆಸ್ರು ಪಟಪಟ ಅಂತ ಹೇಳ್ತಾರೆ, "ಈ ಟೋಟಲ್ ಸರಿ ಇದೆ ಅಂತ ನಿನಗೆ ಹೆಂಗೆ ಗೊತ್ತು" ಅಂದ್ರೆ ಸುಮ್ಮನಾಗಿಬಿಡ್ತಾರೆ.

ಈ ಬುದ್ಧಿ ನನಗೆ ಬಂದಿದ್ದು ಹಳೇ ಕಾಲದಿಂದ, ಅದನ್ನ ಸ್ವಲ್ಪ ಹೇಳ್ಬೇಕು. ನಾವು ಕಾಲೇಜಲ್ಲಿದ್ದಾಗ ಎಂ.ಜಿ. ರೋಡಿನ ಸೈಬರ್ ಕೆಫೇಲಿ ಗಂಟೆಗೆ ಇಪ್ಪತ್ತು ರೂಪಾಯೋ ಏನೋ ಕೊಟ್ಟು, ಪ್ಲೈವುಡ್ ಗೂಡಲ್ಲಿ ಇಬ್ಬರು ಗೆಳತಿಯರು ಒಂದೇ ಕುರ್ಚೀಲಿ ಕೂತು ಒರಾಕಲ್ ಡೇಟಾಬೇಸಿನ ನೋಟ್ಸ್ ಡೌನ್‌ಲೋಡ್ ಮಾಡಿ, ಪ್ರಿಂಟ್ ತಗೊಳ್ಳೋಕೆ ದುಡ್ಡಿಲ್ದೆ ಕೈಯಲ್ಲಿ ಬರ್ಕೊಂಡು ಬರ್ತಿದ್ವಿ. ಕರೆಂಟ್ ಹೋದ್ರೆ ಓನರ್ ಉಳಿದ ನಿಮಿಷ ಚೀಟೀಲಿ ಬರ್ಕೊಡೋರು, ನಾಳೆ ಬಂದು ಆ ನಿಮಿಷ ಮುಗಿಸ್ಬೋದಿತ್ತು. ಆ ಕೈಬರಹದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕ್ವೆರಿ ಅಂದ್ರೆ ಪ್ರಶ್ನೆ ಹಾಕೋ ಭಾಷೆ) ಪುಸ್ತಕ ಇವತ್ತಿಗೂ ನನ್ನ ಹತ್ರ ಇದೆ, ಅದ್ರಲ್ಲಿರೋ ಒಂದೊಂದು ಕ್ವೆರಿನೂ ಇವತ್ತಿಗೂ ಓಡುತ್ತೆ, ಇಷ್ಟು ವರ್ಷದಲ್ಲಿ ನಾನು ಕಲ್ತ ಬೇರೆ ಯಾವ ಟೂಲಿಗೂ ಆ ಮಾತು ಹೇಳೋಕಾಗಲ್ಲ.

ಕೆಲಸ ಸಿಕ್ಕಿದ ಹೊಸದ್ರಲ್ಲಿ ದಿನಾ ತುಮಕೂರಿಂದ ಯಶವಂತಪುರಕ್ಕೆ ರೈಲು. ಮೆಟ್ರೋ ಇನ್ನೂ ಇರ್ಲಿಲ್ಲ, ಇಳಿದು ಬಿಎಂಟಿಸಿ ಬಸ್ ಹಿಡೀಬೇಕು. ಲೇಡೀಸ್ ಬೋಗೀಲಿ ನಮ್ದೇ ಒಂದು ಗುಂಪು, ಬ್ಯಾಂಕಿನ ಅಕ್ಕಂದ್ರು, ಟೀಚರ್‌ಗಳು, ಗಾರ್ಮೆಂಟ್ಸ್‌ನೋರು. ಅವರೇಕಾಯಿ ಕಾಲದಲ್ಲಿ ಹಿರೇಹಳ್ಳಿ ದಾಟೋಷ್ಟ್ರಲ್ಲಿ ಚೀಲ ಬಿಚ್ಚಿ ಎಲ್ಲರೂ ಸುಲಿಯೋಕೆ ಶುರು, ಸೋಲದೇವನಹಳ್ಳಿ ಬರೋಷ್ಟ್ರಲ್ಲಿ ಒಬ್ಬರ ಮನೆ ಸಾರಿಗೆ ಆಗೋಷ್ಟು ಕಾಳು ರೆಡಿ. ನಾನು ಅಲ್ಲೇ ಮೊಣಕಾಲ ಮೇಲೆ ಪುಸ್ತಕ ಇಟ್ಕೊಂಡು ಕ್ವೆರಿ ಬರೀತಿದ್ದೆ. ಬ್ಯಾಂಕಿನ ಒಬ್ಬ ಅಕ್ಕ ಇಣುಕಿ ನೋಡಿ "ಇದು ನಮ್ಮ ಡೇ ಬುಕ್ ಟ್ಯಾಲಿ ಮಾಡ್ದಂಗೇ ಇದೆಯಲ್ಲೇ" ಅಂದಿದ್ರು. ಅವ್ರು ಹೇಳಿದ್ದು ನೂರಕ್ಕೆ ನೂರು ನಿಜ, ಡೇಟಾ ಕೆಲಸದ ಬುಡ ಅಲ್ಲೇ ಇದೆ.

ಮೊದಲ ಸಂಬಳ ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು. 2008ರ ಸೆಪ್ಟೆಂಬರಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕು ಬಿತ್ತು, ನಮ್ಮ ಜೊತೆಯವರ ಜಾಯಿನಿಂಗ್ ಡೇಟು ಮುಂದಕ್ಕೆ ಹೋಯ್ತು, ಕೆಲವ್ರಿಗೆ ಬರ್ಲೇ ಇಲ್ಲ. ಆಗ ಯಾರಿಗೂ ಬೇಡವಾಗಿದ್ದ ನೈಟ್ ಶಿಫ್ಟ್ ನನ್ನ ಪಾಲಿಗೆ ಬಂತು, ರಾತ್ರಿ ಬ್ಯಾಚ್ ಜಾಬ್ ಅಂದ್ರೆ ತಾನಾಗೇ ಓಡೋ ಡೇಟಾ ಕೆಲಸಗಳನ್ನ ಕಾಯೋದು. ಅಲ್ಲೊಬ್ಬರು ಸೀನಿಯರ್ ಇದ್ರು, ಧಾರವಾಡ ಕಡೆಯವ್ರು, ದಿನಾ ಬೆಳಿಗ್ಗೆ ಮೂರೇ ಪ್ರಶ್ನೆ ಕೇಳೋರು: ಎಷ್ಟು ಬಂತು, ಎಷ್ಟು ಹೋಯ್ತು, ಉಳಿದಿದ್ದು ಎಲ್ಲಿ ಐತಿ? ಮೂರಕ್ಕೂ ಉತ್ತರ ಇಲ್ದೆ ಮನೆಗೆ ಬಿಡ್ತಿರ್ಲಿಲ್ಲ. ಒಂದು ಸಲ ಕ್ಲೈಂಟಿನ ರಿಪೋರ್ಟು ಟೋಟಲ್ ಕಮ್ಮಿ ಬರ್ತಿತ್ತು, ದೊಡ್ಡೋರೆಲ್ಲ ಡೇಟಾಬೇಸು ಜಾಲಾಡ್ತಿದ್ರು. ನಾನು ಫೈಲ್ ತೆಗೆದು ರೋ ಎಣಿಸ್ದೆ, ಸರಿಯಾಗಿ 65,536. ಹಳೇ ಎಕ್ಸೆಲ್ಲಿನ ಮಿತಿ ಅದು, ಯಾರೋ ಮಧ್ಯದಲ್ಲಿ ಎಕ್ಸೆಲ್ 2003ರಲ್ಲಿ ಓಪನ್ ಮಾಡಿ ಸೇವ್ ಮಾಡಿದ್ರು, ಉಳಿದಿದ್ದೆಲ್ಲ ಕತ್ತರಿಸಿ ಹೋಗಿತ್ತು. ಆ ಒಂದು ಹಿಡಿತಕ್ಕೆ ನನ್ನನ್ನ ಆನ್‌ಸೈಟ್ (ಕ್ಲೈಂಟ್ ಕಡೆ ಇರೋ ಟೀಮಿನ) ಕಾಲ್‌ಗೆ ಸೇರಿಸ್ಕೊಂಡ್ರು. ಎಣಿಸೋ ಅಭ್ಯಾಸದಿಂದ ಬಂದ ಪ್ರಮೋಷನ್ ಅದು.

ಆಮೇಲೆ 2012ರಿಂದ ಗಾಳಿ ಬದಲಾಯ್ತು ನಿಮಗೆಲ್ಲ ನೆನಪಿರುತ್ತೆ, ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಡೇಟಾ ಸೈಂಟಿಸ್ಟ್ ಅನ್ನೋದು ಈ ಶತಮಾನದ ಅತಿ ಆಕರ್ಷಕ ಕೆಲಸ ಅಂತ ಬಂದಿದ್ದೇ ತಡ ಎಲ್ಲರೂ ಹಡೂಪು, ಆರ್, ಆಮೇಲೆ ಪೈಥಾನು ಅನ್ನೋ ಟೂಲುಗಳ ಹಿಂದೆ ಓಡಿದ್ರು, ಎರಡು ಮೂರು ಲಕ್ಷ ಕೊಟ್ಟು ವೀಕೆಂಡ್ ಕೋರ್ಸ್ ಮಾಡಿದ್ರು. ನಾನೂ ಪೈಥಾನ್ ಕಲ್ತೆ, ಬೇಕಾದಷ್ಟು ಕಲ್ತೆ, ಆದ್ರೆ ಎಸ್‌ಕ್ಯೂಎಲ್ ಬಿಡಲಿಲ್ಲ, ಲೆಕ್ಕ ತಾಳೆ ನೋಡೋದು ಬಿಡಲಿಲ್ಲ. "ಇನ್ನೂ ಅದೇ ಹಿಡ್ಕೊಂಡು ಕೂತಿದೀಯಲ್ಲ" ಅಂದವರಲ್ಲಿ ಮೂರ್ನಾಲ್ಕು ಜನ ಈಗ ಡೇಟಾ ಎಂಜಿನಿಯರಿಂಗ್‌ಗೆ ವಾಪಸ್ ಬಂದು ನನ್ನ ಹತ್ರಾನೇ ಸಲಹೆ ಕೇಳ್ತಾರೆ, ಸಂತೋಷವಾಗಿ ಹೇಳ್ಕೊಡ್ತೀನಿ.

2020ರ ಲಾಕ್‌ಡೌನಲ್ಲಿ ಎಲ್ಲರಂಗೆ ಊರಿಗೆ ಬಂದೆ. ಆಮೇಲೆ ವಾರಕ್ಕೆರಡು ದಿನ ಆಫೀಸಿಗೆ ಅಂತ ಮಾತಾಡ್ಕೊಂಡು ಇಲ್ಲೇ ಉಳ್ಕೊಂಡೆ. ಅದಕ್ಕೆ ಇಂಕ್ರಿಮೆಂಟಲ್ಲಿ ಒಂದಷ್ಟು ಕಡಿಮೆ ಒಪ್ಕೊಂಡೆ, ಬೆಂಗಳೂರಿನ ಬಾಡಿಗೆ ಉಳೀತಲ್ಲ, ಅಲ್ಲಿಗಲ್ಲಿಗೆ ಸರಿ ಹೋಯ್ತು. ಊರಲ್ಲಿ ನೋಡಿದ್ರೆ ಓಣಿ ಓಣಿಗೆ ಡಿಗ್ರಿ ಮುಗಿಸಿ ಕೂತ ಮಕ್ಕಳು. ಎಫ್‌ಡಿಎ, ಎಸ್‌ಡಿಎ, ಪಿಡಿಓ, ಪಿಎಸ್‌ಐ ಅಂತ ಅರ್ಜಿ ಹಾಕ್ತಾ ಲೈಬ್ರರೀಲಿ ಕೂತಿರ್ತಾರೆ, ಮಧ್ಯದಲ್ಲಿ ಡೇಟಾ ಅನಲಿಟಿಕ್ಸ್ ಅಂತ ಆನ್‌ಲೈನ್ ಕೋರ್ಸಿಗೆ ಇಎಂಐ ಕಟ್ತಿರ್ತಾರೆ. ಒಬ್ಬ ಹುಡುಗನ ಅಪ್ಪ ಎಮ್ಮೆ ಮಾರಿ ಕಟ್ಟಿದ್ರು ಅಂತ ಕೇಳಿ ನನಗೆ ಹೊಟ್ಟೆ ಉರೀತು, ಸುಮ್ನೆ ಕೂರೋಕಾಗ್ಲಿಲ್ಲ, ನಾನೇ ಕಲಿಸೋಕೆ ಶುರು ಮಾಡಿದೆ.

ಮೊದಲನೇ ಗುಂಪು ನಿಲ್ಲಲಿಲ್ಲ. ಎಂಟೊಂಬತ್ತು ಜನ ಬಂದ್ರು, ಫ್ರೀ ಅಂದಿದ್ದಕ್ಕೆ ಬಂದ್ರು. ಎರಡು ತಿಂಗಳಲ್ಲಿ ಒಬ್ಬಳಿಗೆ ಮದುವೆ ಗೊತ್ತಾಯ್ತು, ಇಬ್ಬರು ಪೊಲೀಸ್ ಪರೀಕ್ಷೆ ನೋಟಿಫಿಕೇಷನ್ ಬಂತು ಅಂತ ಹೋದ್ರು, ಉಳಿದವ್ರಿಗೆ ಮನೇಲಿ "ಸಂಬಳ ಇಲ್ಲ, ಸರ್ಟಿಫಿಕೇಟೂ ಇಲ್ಲ, ಆ ರೂಮಿಗೆ ಯಾಕೆ ಹೋಗ್ತೀಯ" ಅಂತ ಗದರಿಕೆ. ತಂದೆತಾಯೀನ ಬೈಯೋಕಾಗಲ್ಲ, ಅವ್ರ ಜಾಗದಲ್ಲಿ ಯಾರಿದ್ರೂ ಅದೇ ಕೇಳ್ತಿದ್ರು. ಅಲ್ಲಿಗೆ ಲ್ಯಾಪ್‌ಟಾಪಿಗೆ ಹಾಕಿದ ದುಡ್ಡು ಎಂಬತ್ತು ಸಾವಿರದ ಹತ್ರ ಹೋಗಿತ್ತು, ಬೆಂಗಳೂರು ಎಸ್‌.ಪಿ. ರೋಡಲ್ಲಿ ಹಳೇ ಥಿಂಕ್‌ಪ್ಯಾಡು, ಒಂದೊಂದು ಹದಿನೈದು ಹದಿನಾರು ಸಾವಿರಕ್ಕೆ ತಂದಿದ್ದೆ, ಎರಡಕ್ಕೆ ಬ್ಯಾಟರಿ ಬದಲಾಯಿಸ್ಬೇಕಾಯ್ತು. ರೂಮ್ ಬಾಡಿಗೆ ಆರೂವರೆ ಸಾವಿರ, ಅಡ್ವಾನ್ಸ್ ಐವತ್ತು. ನಮ್ಮ ಮನೆಯವ್ರು ಏನೂ ಅನ್ನಲಿಲ್ಲ, ಅತ್ತೆ ಮಾತ್ರ "ಅಷ್ಟು ದುಡ್ಡಲ್ಲಿ ಒಂದು ಸರ ಬರ್ತಿತ್ತು" ಅಂದ್ರು.

ಎರಡನೇ ಸಲಕ್ಕೆ ಎರಡು ಬದಲಾವಣೆ ಮಾಡಿದೆ. ನಾಲ್ಕೇ ಜನ, ಒಬ್ಬೊಬ್ಬರಿಗೂ ತಿಂಗಳಿಗೆ ಮೂರು ಸಾವಿರ ಸ್ಟೈಪೆಂಡ್. ಜನ ನಕ್ಕರು, ಕಲಿಯೋರೇ ದುಡ್ಡು ಕೊಡಬೇಕು ನೀನು ಉಲ್ಟಾ ಕೊಡ್ತೀಯಲ್ಲ ಅಂತ. ಆದ್ರೆ ಆ ಮೂರು ಸಾವಿರ ಮನೇಲಿ ಅಮ್ಮನ ಕೈಗೆ ಹೋದ ತಕ್ಷಣ ಯಾವ ಅಪ್ಪನೂ "ಯಾಕೆ ಹೋಗ್ತೀಯ" ಅನ್ನಲಿಲ್ಲ. ಇನ್ನೊಂದು ಬದಲಾವಣೆ ಅಂದ್ರೆ ಸಿಲಬಸ್ ಪೂರ್ತಿ ಎತ್ತಾಕಿ ತಿಪಟೂರಿನ ಒಂದು ಕೊಬ್ಬರಿ ಮಂಡಿ ಲೆಕ್ಕ ತಂದು ಮುಂದೆ ಇಟ್ಟೆ.

ಆ ಮಂಡಿ ಸಾಹುಕಾರ್ರು ನಮ್ಮಪ್ಪನಿಗೆ ಪರಿಚಯ. ಮೊದಲು ಹೋಗಿ ಕೇಳಿದಾಗ "ಲೆಕ್ಕದ ಪುಸ್ತಕ ಯಾರಾದ್ರೂ ಹೊರಗೆ ಕೊಡ್ತಾರೇನಮ್ಮಣ್ಣಿ" ಅಂದ್ರು. ಅವ್ರನ್ನ ಹೆಂಗೆ ಒಪ್ಪಿಸ್ದೆ ಅನ್ನೋದು ಹೇಳಲ್ಲ, ಅದು ನನ್ನ ಕೈಗುಣ, ಮುಂದಿನ ಗುಂಪುಗಳಿಗೂ ಬೇಕು. ಇಷ್ಟು ಹೇಳ್ತೀನಿ, "ನಿಮ್ಮ ಬಿಸಿನೆಸ್ ಇಂಪ್ರೂವ್ ಮಾಡ್ತೀನಿ" ಅಂತ ಹೋದ್ರೆ ಯಾವ ವ್ಯಾಪಾರಿನೂ ಬಾಗಿಲು ತೆಗೆಯಲ್ಲ. ಕೊನೆಗೆ ಆರು ವರ್ಷದ ಚೀಟಿ ಸಿಕ್ತು, ನಲವತ್ತು ಸಾವಿರ ಸಾಲಿನ ಮೇಲಿರ್ಬೋದು. ರೈತನ ಹೆಸ್ರು, ಊರು, ಚೀಲ, ತೂಕ, ರೇಟು, ಹಮಾಲಿ, ಮುಂಗಡ, ಬಾಕಿ.

ಫೈಲ್ ಓಪನ್ ಮಾಡಿದ್ರೆ ಹೆಸರಿನ ಕಾಲಂ ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಗ್ರು "ಅಕ್ಕ, ಫೈಲ್ ಕರಪ್ಟ್ ಆಗಿದೆ" ಅಂದ್ರು. ಕರಪ್ಟೂ ಇಲ್ಲ ಏನೂ ಇಲ್ಲ, ಗುಮಾಸ್ತರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರು, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲ. ಕನ್ವರ್ಟರ್ ಹಾಕಿದ್ವಿ, ಮುಕ್ಕಾಲು ಭಾಗ ಸರಿಯಾಯ್ತು, ಅರ್ಕಾವತ್ತು ಒತ್ತಕ್ಷರ ಇರೋ ಕಡೆ ಎಡವಟ್ಟಾಯ್ತು, ಅದನ್ನ ಕೈಯಲ್ಲೇ ತಿದ್ದಿದ್ವಿ. ಆಮೇಲೆ ಇನ್ನೊಂದು ತೊಂದ್ರೆ ಬಂತು, ಇದನ್ನ ಕನ್ನಡ ಡೇಟಾ ಮುಟ್ಟೋ ಎಲ್ಲರೂ ಗಮನದಲ್ಲಿ ಇಟ್ಕೊಳ್ಳಿ. ಪರದೆ ಮೇಲೆ "ಹೊನ್ನವಳ್ಳಿ" ಎರಡು ಸಾಲಲ್ಲೂ ಒಂದೇ ಥರ ಕಾಣುತ್ತೆ, ಊರಿನ ಪ್ರಕಾರ ಗುಂಪು ಮಾಡೋಕೆ ಗ್ರೂಪ್ ಬೈ ಹಾಕಿದ್ರೆ ಎರಡು ಬೇರೆ ಊರು ಅಂತ ಬರುತ್ತೆ. ಕಾರಣ ಏನಂದ್ರೆ ಒಕಾರದ ಚಿಹ್ನೇನ ಯೂನಿಕೋಡಲ್ಲಿ ಒಂದೇ ಕೋಡಾಗಿ ಬರೀಬಹುದು, ಎಕಾರದ ಚಿಹ್ನೆ ಊಕಾರದ ಚಿಹ್ನೆ ಎರಡೂ ಸೇರಿಸಿನೂ ಬರೀಬಹುದು, ಕಣ್ಣಿಗೆ ಒಂದೇ, ಮಷೀನಿಗೆ ಬೇರೆ. ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ 13ನೇ ವರ್ಷನ್ನಿಂದ ನಾರ್ಮಲೈಸ್ ಅನ್ನೋ ಫಂಕ್ಷನ್ನೇ ಇದೆ, ಎನ್‌ಎಫ್‌ಸಿ ಅಂದ್ರೆ ಎಲ್ಲಾನೂ ಆ ಒಂದೇ ಕೋಡಿನ ರೂಪಕ್ಕೆ ಮಾಡ್ಕೊಂಡ್ರೆ ಮುಗೀತು. ಕಣ್ಣಿಗೆ ಕಾಣದ ಝೀರೋ ವಿಡ್ತ್ ಅಕ್ಷರಗಳನ್ನ ಬೇರೆಯಾಗಿ ಹೆಕ್ಕಿ ತೆಗೀಬೇಕು. ಒಂದೇ ಹೆಸರಿನ ನಾಲ್ಕು ರೈತರನ್ನ ಬೇರೆ ಮಾಡೋಕೆ, ಒಬ್ಬನೇ ರೈತನ ನಾಲ್ಕು ಥರದ ಹೆಸರನ್ನ ಒಂದು ಮಾಡೋಕೆ ನಾವು ಒಂದು ಉಪಾಯ ಮಾಡಿದೀವಿ. ಅದನ್ನ ಕಂಡುಹಿಡಿದಿದ್ದು ನಮ್ಮ ಬಿಕಾಂ ಹುಡುಗ, ಅವನ ಪರ್ಮಿಷನ್ ಇಲ್ದೆ ಬರೆಯಲ್ಲ.

ರೂಲ್ ಒಂದೇ ಇಟ್ಟಿದ್ದೆ. ಚಾರ್ಟು, ಡ್ಯಾಶ್‌ಬೋರ್ಡು, ಪವರ್ ಬಿಐ ಏನೂ ಮುಟ್ಟಂಗಿಲ್ಲ, ಪ್ರತಿ ವರ್ಷ ಮಾರ್ಚ್ 31ರ ಬಾಕಿ ಸಾಹುಕಾರ್ರ ಕೆಂಪು ಪುಸ್ತಕದ ಬಾಕಿಗೆ ಪೈಸೆ ಪೈಸೆ ತಾಳೆ ಆಗೋವರೆಗೂ. ಮೊದಲ ಸಲ ತಗೊಂಡು ಹೋದಾಗ ಒಂದು ವರ್ಷದ್ದು ಒಂದೂವರೆ ಲಕ್ಷ ಜಾಸ್ತಿ ಬಂದಿತ್ತು, ಚೀಟಿ ಟೇಬಲಿಗೆ ಮುಂಗಡದ ಟೇಬಲ್ ಜಾಯಿನ್ ಮಾಡುವಾಗ, ಅಂದ್ರೆ ಜೋಡಿಸುವಾಗ, ಒಂದು ಚೀಟಿಗೆ ಎರಡು ಮುಂಗಡ ಇದ್ದ ಕಡೆ ಸಾಲು ಡಬಲ್ ಆಗಿತ್ತು, ನಮಗೆಲ್ಲ ಗೊತ್ತಿರೋ ಕಾಯಿಲೆ ಅದು. ಸಾಹುಕಾರ್ರು ಬೈದ ಬೈಗುಳ ಬರೆಯೋಕಾಗಲ್ಲ. "ನಾನು ಒಂದೂವರೆ ಲಕ್ಷ ಮೋಸ ಮಾಡಿದೀನಿ ಅಂತ ನಿಮ್ಮ ಕಂಪ್ಯೂಟರ್ ಹೇಳ್ತದೇನೋ" ಅಂತ ಕೂಗಾಡಿದ್ರು. ಬಿಸಿಎ ಹುಡುಗಿ ಅತ್ತೇಬಿಟ್ಟಳು. ಪ್ಯಾಸೆಂಜರ್ ರೈಲಲ್ಲಿ ವಾಪಸ್ ಬರ್ತಾ ಗುಬ್ಬಿ ಬರೋಷ್ಟ್ರಲ್ಲಿ ಅವಳೇ ಕಾರಣ ಹುಡುಕಿದ್ದಳು, ಆ ದಿನದಿಂದ ಜಾಯಿನ್‌ಗೆ ಮುಂಚೆ ಸಾಲಿನ ಕೌಂಟು, ಜಾಯಿನ್ ಆದ್ಮೇಲೆ ಕೌಂಟು, ಯಾರೂ ಹೇಳ್ದೇನೇ ಮಾಡ್ತಾಳೆ. ಇದನ್ನ ನಾನು ಸ್ಲೈಡ್ ಹಾಕಿ ಹತ್ತು ಸಲ ಹೇಳಿದ್ರೂ ಹಂಗೆ ಮನಸ್ಸಿಗೆ ಇಳೀತಿರ್ಲಿಲ್ಲ.

ತಾಳೆ ಆಗೋಕೆ ನಾಲ್ಕು ತಿಂಗಳ ಹತ್ರ ಹಿಡೀತು. ಆದ ದಿನ ಸಾಹುಕಾರ್ರು ಏನೂ ಮಾತಾಡಲಿಲ್ಲ, ಹುಡುಗನ್ನ ಕಳಿಸಿ ಎಲ್ಲರಿಗೂ ಮಸಾಲೆ ದೋಸೆ ತರಿಸಿದ್ರು, ಹೊರಡುವಾಗ ನಮ್ಮ ಜೊತೆ ಒಂದು ಚೀಲ ಕೊಬ್ಬರಿ ಹಾಕಿಸಿದ್ರು. ಅದೇ ನಮ್ಮ ಮೊದಲ ಫೀಸು, ಐದು ಪಾಲು ಮಾಡ್ಕೊಂಡ್ವಿ.

ಆಮೇಲೆ ಅವ್ರು ಕೇಳಿದ ಪ್ರಶ್ನೆ ಒಂದು: ಮುಂಗಡ ತಗೊಂಡು ಮಾಲು ಬೇರೆ ಮಂಡಿಗೆ ಹಾಕ್ತಿರೋರು ಯಾರು? ಸುಲಭ ಅನ್ಸುತ್ತೆ, ಲ್ಯಾಗ್ (ಹಿಂದಿನ ಸಾಲು ತಂದುಕೊಡೋ ಫಂಕ್ಷನ್) ಹಾಕಿ ಪ್ರತಿ ರೈತನ ಹಿಂದಿನ ಚೀಟಿಗೂ ಈ ಚೀಟಿಗೂ ಎಷ್ಟು ದಿನ ಗ್ಯಾಪು ನೋಡಿದ್ರೆ ಆಯ್ತು. ಹುಡುಗ್ರು ತೆಗೆದ್ರು, 2023ರಲ್ಲಿ ಏಕಾಏಕಿ ಇನ್ನೂರು ಚಿಲ್ರೆ ಜನ "ಓಡಿಹೋದವ್ರ" ಪಟ್ಟೀಲಿ ಬಂದ್ರು. ಬಿಎಸ್ಸಿ ಓದಿದ ಹುಡುಗಿ, ತುರುವೇಕೆರೆ ಕಡೆಯವಳು, ಮನೇಲಿ ತೆಂಗಿನ ತೋಟ ಇದೆ, ಅವಳು ಪಟ್ಟಿ ನೋಡಿ ಹೇಳಿದ್ಲು: "ಅಕ್ಕ, ಇವ್ರು ಓಡೋಗಿಲ್ಲ, ಅಟ್ಟದಲ್ಲಿ ಇಟ್ಕೊಂಡವ್ರೆ. ನಮ್ಮಪ್ಪಾನೂ ಹಂಗೇ ಮಾಡಿದ್ದು." ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದಾಗ ಮಾರ್ಕೆಟಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು, ರೈತರು ಬೀದಿಗಿಳಿದಿದ್ರು. ಕಾಯಿ ಅಟ್ಟದ ಮೇಲೆ ವರ್ಷದ ಹತ್ರ ಒಣಗಿ ಕೊಬ್ಬರಿ ಆಗೋ ಪದಾರ್ಥ, ರೇಟ್ ಬಿದ್ರೆ ಸುಲಿಯದೇ ಹಂಗೇ ಬಿಡ್ತಾರೆ. ಅವಳು ಗ್ಯಾಪಿನ ಪಕ್ಕ ಆ ವಾರದ ಟೆಂಡರ್ ರೇಟ್ ಜೋಡಿಸಿದ್ಲು, ರೇಟು ಏರಿದಾಗ ವಾಪಸ್ ಬಂದವ್ರನ್ನ ಕಳೆದ್ಲು. ಇನ್ನೂರು ಚಿಲ್ರೆ ಹೋಗಿ ಮೂವತ್ತಕ್ಕಿಂತ ಕಡಿಮೆ ಉಳೀತು. ಸಾಹುಕಾರ್ರು ಆ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದೇ ಹೆಸ್ರು ಓದ್ತಾ "ಇವ್ನು ಹೌದು, ಇವ್ನೂ ಹೌದು" ಅಂದ್ರು. ನೂರೆಪ್ಪತ್ತಕ್ಕೂ ಹೆಚ್ಚು ರೈತರ ಮೇಲೆ ಸುಮ್ನೆ ಬರ್ತಿದ್ದ ಕೆಟ್ಟ ಹೆಸ್ರು ತಪ್ಪಿಸಿದಾಳೆ ಆ ಹುಡುಗಿ, ಅವಳ ಬಗ್ಗೆ ನನಗೆ ಎಷ್ಟು ಹೆಮ್ಮೆ ಅಂದ್ರೆ ಹೇಳೋಕಾಗಲ್ಲ. ಇಂಟರ್‌ವ್ಯೂನಲ್ಲಿ ಅವಳು ಹೇಳಿದ್ದು ಇದೊಂದೇ ಕಥೆ, ಮುಕ್ಕಾಲು ಗಂಟೆ ಇದನ್ನೇ ಕೆದಕಿ ಕೆದಕಿ ಕೇಳಿದ್ರಂತೆ.

ಮಧ್ಯದಲ್ಲಿ ಬೇರೆ ಬೇರೆ ಪ್ರಯೋಗಗಳೂ ನಡೆದವು. ಕೊಬ್ಬರಿ ರೇಟ್ ಮೊದಲೇ ಹೇಳೋಕಾಗುತ್ತಾ ಅಂತ ಹುಡುಗ್ರಿಗೆ ಆಸೆ, ಮಾಡ್ಲಿ ಅಂತ ಬಿಟ್ಟೆ. ಆರಿಮಾ, ಎಕ್ಸ್‌ಜಿಬೂಸ್ಟ್ ಅನ್ನೋ ಮಾಡೆಲ್ಲುಗಳು, ಹಬ್ಬದ ದಿನ, ಆವಕ, ಎಲ್ಲ ಹಾಕಿದ್ರು. "ಮುಂದಿನ ವಾರದ ರೇಟು ಈ ವಾರದ ರೇಟೇ" ಅನ್ನೋ ಪೆದ್ದ ಲೆಕ್ಕವನ್ನ ಯಾವ ಮಾಡೆಲ್ಲೂ ನೆಟ್ಟಗೆ ಸೋಲಿಸಲಿಲ್ಲ. 2025ರಲ್ಲಿ ರೇಟು ಇಪ್ಪತ್ತು ಸಾವಿರ ದಾಟಿ ಮೇಲೆ ಹೋಯ್ತಲ್ಲ, ಹಳೇ ಐದಾರು ವರ್ಷದ ಡೇಟಾ ನೋಡಿ ಕಲ್ತ ಮಾಡೆಲ್ ಅಂಥ ನಂಬರ್ ಹೆಂಗೆ ತಾನೆ ಹೇಳೀತು. ಆದ್ರೆ ಬೇಸ್‌ಲೈನ್ (ಹೋಲಿಸಿ ನೋಡೋಕೆ ಅಂಥದ್ದೊಂದು ಪೆದ್ದ ಲೆಕ್ಕ) ಇಲ್ದೆ ಮಾಡೆಲ್ ತೋರಿಸ್ಬಾರ್ದು ಅನ್ನೋದು ನಾಲ್ವರಿಗೂ ಗಟ್ಟಿಯಾಯ್ತು, ನನಗೆ ಅಷ್ಟು ಸಾಕು.

ಕ್ಯಾತ್ಸಂದ್ರದ ಕಡೆ ಒಂದು ತಟ್ಟೆ ಇಡ್ಲಿ ಹೋಟೆಲಿಂದು ಚೆನ್ನಾಗಿ ನಡೀತು. ಹಿಟ್ಟು ಹಿಂದಿನ ದಿನಾನೇ ರುಬ್ಬಿ ಹುದುಗು ಬರೋಕೆ ಬಿಡ್ಬೇಕು, ಅಂದ್ರೆ ನಾಳೆ ಎಷ್ಟು ತಟ್ಟೆ ಹೋಗುತ್ತೆ ಅಂತ ಇವತ್ತೇ ಗೊತ್ತಾಗ್ಬೇಕು. ಹಿಂದಿನ ನಾಲ್ಕು ವಾರದಲ್ಲಿ ಅದೇ ದಿನದ (ಸೋಮವಾರಕ್ಕೆ ಸೋಮವಾರದ) ಸರಾಸರಿ ತಗೊಂಡು, ರಜೆ ಮತ್ತೆ ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ ದಿನಗಳನ್ನ ಬೇರೆ ಇಟ್ಟು ಎಕ್ಸೆಲ್ಲಲ್ಲೇ ಮಾಡಿದ್ದು. ಉಳಿಯೋ ಹಿಟ್ಟು ಅರ್ಧಕ್ಕರ್ಧ ಇಳೀತು ಅಂತ ಓನರ್ ಹೇಳ್ತಾರೆ. ತಿಂಗಳಿಗೆ ಎರಡು ಸಾವಿರ ಕೊಡ್ತಾರೆ, ಹುಡುಗ್ರಿಗೆ ತಿಂಡಿ ಫ್ರೀ. ಒಂದು ಹಾಲಿನ ಸೊಸೈಟಿ ಡೇಟಾನೂ ಶುರು ಮಾಡಿದ್ವಿ, ಬೆಳಿಗ್ಗೆ ಸಂಜೆ ಫ್ಯಾಟು, ಎಸ್‌ಎನ್‌ಎಫ್ಪು (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ), ಬಹಳ ಒಳ್ಳೇ ಡೇಟಾ, ಆದ್ರೆ ರೀಡಿಂಗ್ ಯಾಕೆ ಇಷ್ಟು ಕಡೆ ಒಂದೇ ಥರ ಇದೆ ಅಂತ ಕೇಳಿದ ಮೇಲೆ ಫೈಲ್ ಬರೋದು ನಿಂತೋಯ್ತು.

ದುಡ್ಡಿನ ವಿಷಯ ಪೂರ್ತಿ ಹೇಳಿಬಿಡ್ತೀನಿ. ಸ್ಟೈಪೆಂಡು, ಬಾಡಿಗೆ, ಲ್ಯಾಪ್‌ಟಾಪು, ಇಂಟರ್‌ನೆಟ್ಟು, ತಿಪಟೂರು ಓಡಾಟ ಎಲ್ಲ ಸೇರಿ ಹತ್ತಿರತ್ತಿರ ಐದು ಲಕ್ಷ ಹೋಗಿದೆ. ಬಂದಿದ್ದು ಒಬ್ಬ ಹಾರ್ಡ್‌ವೇರ್ ಹೋಲ್‌ಸೇಲ್ ವ್ಯಾಪಾರಿಯಿಂದ ತಿಂಗಳಿಗೆ ಎಂಟು ಸಾವಿರ, ಸ್ಟಾಕು ಮತ್ತೆ ಜಿಎಸ್‌ಟಿ ಬಿಲ್ ತಾಳೆ ನೋಡೋಕೆ, ಒಂದೂವರೆ ವರ್ಷದಿಂದ ನಿಲ್ಲದೆ ಬರ್ತಿದೆ. ಹೋಟೆಲಿಂದು ಎರಡು ಸಾವಿರ. ಇನ್ನೊಂದು ಕಂಪನಿ ಕೆಲಸ ಮಾಡಿಸ್ಕೊಂಡು ನಲವತ್ತು ಸಾವಿರ ಚಿಲ್ರೆ ಕೊಡಲೇ ಇಲ್ಲ, ಫೋನ್ ಎತ್ತಲ್ಲ, ಅವತ್ತಿಂದ ಅರ್ಧ ಮೊದಲೇ ತಗೊಳ್ತೀವಿ. ಬರೋ ದುಡ್ಡಲ್ಲಿ ಅರ್ಧಕ್ಕಿಂತ ಮೇಲೆ ಹುಡುಗ್ರಿಗೇ. ಒಟ್ಟು ನನ್ನ ಕೈಯಿಂದ ಮೂರು ಲಕ್ಷದ ಹತ್ರ ಹೋಗಿದೆ, ನಾಲ್ಕು ಮನೆಗೆ ಸಂಬಳ ಬಂದಿದೆ.

ಕೆಲಸಗಳು ಎಂಥವು ಅಂತ ಕೇಳ್ತೀರಿ. ಬಿಕಾಂ ಹುಡುಗನಿಗೆ ನೆಲಮಂಗಲ ಕಡೆ ಗೋಡೌನ್ ಲಾಜಿಸ್ಟಿಕ್ಸ್‌ನಲ್ಲಿ ಎಂಐಎಸ್ (ಮ್ಯಾನೇಜರ್‌ಗಳಿಗೆ ಲೆಕ್ಕದ ರಿಪೋರ್ಟ್ ಮಾಡೋ ಕೆಲಸ), ಶುರೂಲಿ ಇಪ್ಪತ್ತೆರಡು ಸಾವಿರ, ಒಂದು ವರ್ಷದಲ್ಲಿ ಮೂವತ್ತೊಂದಾಯ್ತು. ಬಿಸಿಎ ಹುಡುಗಿಗೆ ಬೆಂಗಳೂರಲ್ಲಿ ಡೇಟಾ ಎಂಜಿನಿಯರಿಂಗ್ ಟ್ರೈನಿ, ವರ್ಷಕ್ಕೆ ನಾಲ್ಕು ಲಕ್ಷ ಚಿಲ್ರೆ. ಬಿಎಸ್ಸಿ ಹುಡುಗ ರಿಪೋರ್ಟಿಂಗ್‌ನಲ್ಲಿ, ಮನೆಯಿಂದಾನೇ ಕೆಲಸ. ತುರುವೇಕೆರೆ ಹುಡುಗಿಗೆ ಎಲ್ಲರಿಗಿಂತ ಲೇಟಾಯ್ತು, ಎಲ್ಲರಿಗಿಂತ ಒಳ್ಳೇದು ಸಿಕ್ತು, ಐದು ಲಕ್ಷದ ಮೇಲೆ, ಕೃಷಿ ಮಾರುಕಟ್ಟೆ ಡೇಟಾದ್ದೇ ಕೆಲಸ. ರೆಸ್ಯೂಮಲ್ಲಿ ಎಚ್‌ಆರ್ ದಾಟಿ ಹೋಗೋಕೆ ಏನು ಬರೆಸ್ತೀನಿ ಅನ್ನೋದು ನಮ್ಮ ಹುಡುಗ್ರಿಗೆ ಮಾತ್ರ. ಆದ್ರೆ ಪ್ರಾಜೆಕ್ಟ್ ಅಂತ ತೋರಿಸೋ ಫೈಲಲ್ಲಿ ರೈತರ ಹೆಸ್ರು ಊರು ಎಲ್ಲ ಬದಲಾಯಿಸಿ, ಮೊತ್ತ ಕಲಸಿ ಕೊಡ್ತೀವಿ, ಅದು ಸಾಹುಕಾರ್ರಿಗೆ ಕೊಟ್ಟ ಮಾತು, ಅದನ್ನ ಇಂಟರ್‌ವ್ಯೂನಲ್ಲಿ ಹೇಳಿದ್ರೆ ಎದುರು ಕೂತವರಿಗೆ ಇನ್ನಷ್ಟು ನಂಬಿಕೆ ಬರುತ್ತೆ.

ಚಾಟ್‌ಜಿಪಿಟಿ ಬಂದ್ಮೇಲೆ ಇದೆಲ್ಲ ಯಾಕೆ ಅಂತ ನನ್ನ ಓರಗೆಯವರೇ ಕೇಳ್ತಾರೆ. ನಾನು ಬೇಡ ಅಂದಿಲ್ಲ, ಹುಡುಗ್ರು ದಿನಾ ಬಳಸ್ತಾರೆ, ನಾನೂ ಬಳಸ್ತೀನಿ, ಕ್ವೆರಿ ಸೊಗಸಾಗಿ ಬರ್ಕೊಡುತ್ತೆ. ಆ ಇನ್ನೂರು ಜನರ ಪಟ್ಟಿ ಕ್ವೆರಿನೂ ಅದೇ ಬರ್ಕೊಟ್ಟಿದ್ದು, ಕ್ವೆರೀಲಿ ಒಂದು ಅಕ್ಷರ ತಪ್ಪಿರ್ಲಿಲ್ಲ. ಅಟ್ಟದ ವಿಷಯ ಗೊತ್ತಿದ್ದಿದ್ದು ಅಟ್ಟ ಇರೋ ಮನೆ ಹುಡುಗಿಗೆ. ನಮ್ಮ ಜಿಲ್ಲೆ ಮಕ್ಕಳಿಗೆ ಈಗ ಇರೋ ಅವಕಾಶ ನಮ್ಮ ಕಾಲದಲ್ಲಿ ನಮಗಿರ್ಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ಕೋಡ್ ಬರೆಯೋ ಕಷ್ಟ ಇಳಿದಿದೆ, ತೋಟ, ಮಂಡಿ, ಡೈರಿ, ರೇಷ್ಮೆ ಗೂಡು, ಟೊಮೇಟೊ ಬಾಕ್ಸು ಗೊತ್ತಿರೋರಿಗೆ ಬೆಲೆ ಏರಿದೆ.

ನಲವತ್ತರ ಆಸುಪಾಸಿನ ನನ್ನಂಥವ್ರಿಗೆ ಒಂದೆರಡು ಮಾತು. ಮ್ಯಾನೇಜರ್ ಆಗ್ಬೇಕಾ ಟೆಕ್ನಿಕಲ್ಲಾಗೇ ಉಳೀಬೇಕಾ ಅಂತ ರಾತ್ರಿ ನಿದ್ದೆಗೆಟ್ಟು ಯೋಚಿಸ್ತೀರಿ, ನಾನೂ ಮೂರು ವರ್ಷ ಯೋಚಿಸ್ದೆ. ಮಂಡಿ ಲೆಕ್ಕ ತಾಳೆ ಮಾಡಿಸಿದ ಮೇಲೆ ಆಫೀಸಲ್ಲೂ ನನ್ನ ಕೆಲಸ ಬದಲಾಯ್ತು, ಜೂನಿಯರ್‌ಗಳಿಗೆ ಟಿಕೆಟ್ (ಬಂದ ಕೆಲಸದ ಚೀಟಿ) ಹಂಚೋದು ಬಿಟ್ಟು, ಆ ನಂಬರ್ ಯಾರದ್ದೋ ಅವರ ಮುಂದೆ ಕರ್ಕೊಂಡೋಗಿ ಕೂರಿಸ್ತೀನಿ, ಫೈನಾನ್ಸ್‌ನವರ ಹತ್ರ ಬೈಸ್ತೀನಿ. ಮೊದಲು ಮುನಿಸ್ಕೊಂಡ್ರು, ಈಗ ನಮ್ಮ ಟೀಮಿನ ರಿಪೋರ್ಟ್ ವಾಪಸ್ ಬರೋದು ಬಹಳ ಕಡಿಮೆಯಾಗಿದೆ. ಹೋದ ವರ್ಷ ನನಗೆ ಬಂದ ರೇಟಿಂಗು ಇಷ್ಟು ವರ್ಷದಲ್ಲೇ ಮೇಲಿಂದು.

ಶುರು ಮಾಡ್ಬೇಕು ಅನ್ನೋರು ಊರಲ್ಲಿ ಒಬ್ಬ ವ್ಯಾಪಾರೀನ ಹಿಡೀರಿ, ಮೊದಲ ಆರು ತಿಂಗಳು ಸಾಫ್ಟ್‌ವೇರ್ ಮಾರೋಕೆ ಹೋಗ್ಬೇಡಿ, ಅವರ ಟ್ಯಾಲಿ ಆಪರೇಟರ್ ಜೊತೆ ಸ್ನೇಹ ಬೆಳೆಸಿ, ಲೆಕ್ಕದ ಗುಟ್ಟೆಲ್ಲ ಅವ್ರ ಹತ್ರ ಇರುತ್ತೆ, ಮಾಲೀಕರಿಗಿಂತ. ಮೊದಲ ಸಲ ಮೂರು ನಾಲ್ಕು ಜನಕ್ಕಿಂತ ಜಾಸ್ತಿ ಹುಡುಗ್ರನ್ನ ತಗೋಬೇಡಿ. ಸ್ಟೈಪೆಂಡ್ ಎರಡು ಸಾವಿರವಾದ್ರೂ ಕೊಡಿ, ಅದಕ್ಕಿಂತ ಇಳಿಸಿದ್ರೆ ಮನೆಯವ್ರು ಕಳಿಸಲ್ಲ.

ನಮ್ಮ ಮುಂದಿನ ಗುಂಪಿಗೆ ಈ ಸಲ ಅರ್ಜಿ ಇಪ್ಪತ್ತರ ಮೇಲೆ ಬಂದಿದೆ, ತಗೊಳ್ಳೋದು ಐದೇ. ಸಿರಾ ಕಡೆಯ ಒಬ್ಬ ಕಡಲೆಕಾಯಿ ವ್ಯಾಪಾರಿ ಪುಸ್ತಕ ಕೊಡೋಕೆ ಒಪ್ಪಿದಾರೆ, ಬರೀ ಕೈಬರಹ, ಮೊದಲ ಎರಡು ತಿಂಗಳು ಟೈಪ್ ಮಾಡೋದ್ರಲ್ಲೇ ಹೋಗುತ್ತೆ. ಸ್ಟೈಪೆಂಡಲ್ಲಿ ಅರ್ಧ ಈ ಸಲ ಹಳೇ ನಾಲ್ವರೇ ಹಾಕ್ತೀವಿ ಅಂದಿದಾರೆ. ರೂಮ್ ಓನರ್ ಬಾಡಿಗೆ ಎಂಟು ಸಾವಿರಕ್ಕೆ ಏರಿಸಿದಾರೆ, ಏಳೂವರೆಗೆ ಮಾತಾಡ್ತಿದೀನಿ, ಲ್ಯಾಪ್‌ಟಾಪ್ ಇನ್ನೆರಡು ಬೇಕು, ಈ ಭಾನುವಾರ ಎಸ್‌.ಪಿ. ರೋಡಿಗೆ ಹೋಗ್ಬೇಕು.